ಗೀಚು, ಪೇಂಟರ್ ಮಾವ ಮತ್ತು ಒಂದು ಮೊಸಳೆ

ಗ್ರಾಫಿಟಿಗೆ ಕನ್ನಡದಲ್ಲಿ ಏನನ್ನೋಣ? ಎರಡು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. 'ಗೋಡೆಬರಹ' ಅಂದರೆ ಚುನಾವಣೆ ನೆನಪಾಗುತ್ತದೆ. 'ಭಿತ್ತಿಚಿತ್ರ' ಅಂದರೆ ಯಾವುದೋ ದೇವಸ್ಥಾನದ ಮಂಟಪದೊಳಗೆ ಚಪ್ಪಲಿ ಬಿಟ್ಟು ಹೋಗಿ ನೋಡಬೇಕು ಅನ್ನಿಸುತ್ತದೆ. ಕೊನೆಗೆ ಚಿಕ್ಕಂದಿನಲ್ಲಿ ಅಮ್ಮ ಬೈಯುತ್ತಿದ್ದ ಮಾತೇ ಸರಿ ಅನ್ನಿಸಿತು: "ಗೋಡೆ ಮೇಲೆ ಗೀಚಬೇಡ್ವೋ!" ಗ್ರಾಫಿಟಿ ಅನ್ನೋ ಇಟಾಲಿಯನ್ ಪದದ ಮೂಲಕ್ಕೂ ಗೀರುವುದು, ಗೀಚುವುದು ಅಂತಲೇ ಅರ್ಥ. ಸರಿ, 'ಗೀಚು' ಅಂತಲೇ ಇಟ್ಟುಕೊಳ್ಳೋಣ. ಭಾಷಾಶಾಸ್ತ್ರ ಓದಿದವರು ಬೈದರೆ ಬೈಸಿಕೊಳ್ಳುತ್ತೇನೆ :-)

ಈಗ ಇದೆಲ್ಲ ಯಾಕೆ ಅಂದರೆ, ನಮ್ಮ ಹೊಸಕೋಟೆ ಹತ್ತಿರದ ಒಂದು ಸರ್ಕಾರಿ ಶಾಲೆಯ ಗೋಡೆ ವಿಷಯಕ್ಕೆ ಇತ್ತೀಚೆಗೆ ಸಣ್ಣದೊಂದು ಜಟಾಪಟಿ ಆಯಿತು. ಆ ಕಥೆಗೆ ಆಮೇಲೆ ಬರುತ್ತೇನೆ. ಆ ಜಟಾಪಟಿಯನ್ನ ಆಫೀಸಿನಲ್ಲಿ ಹೇಳಿದಾಗ, ಪಕ್ಕದ ಸೀಟಿನ ಗೆಳೆಯ ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟುಬಿಟ್ಟ. "ನೋಡು ಗುರು, ಸಿಂಪಲ್. ಪರ್ಮಿಷನ್ ಇದ್ರೆ ಆರ್ಟು, ಇಲ್ದಿದ್ರೆ ಗೋಡೆ ಹಾಳು ಮಾಡೋದು." ಇಫ್-ಎಲ್ಸ್ ಬರೆದು ಬರೆದು ನಮ್ಮ ಜಾತಿಯವರಿಗೆ ಜಗತ್ತೆಲ್ಲ ಹಾಗೇ ಕಾಣುತ್ತದೆ. ಆವತ್ತು ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ, ಹೊಳೆಯಿತು ನೋಡಿ, ರನ್ನ!

ಹೌದು, ಗದಾಯುದ್ಧದ ರನ್ನನೇ. ಶ್ರವಣಬೆಳಗೊಳಕ್ಕೆ ಹೋದವರೆಲ್ಲ ಗೊಮ್ಮಟನನ್ನ ನೋಡಿ, ಎಳನೀರು ಕುಡಿದು ವಾಪಸ್ ಬಂದುಬಿಡುತ್ತಾರೆ. ಎದುರಿಗಿರುವ ಚಿಕ್ಕಬೆಟ್ಟಕ್ಕೆ ಹತ್ತುವವರು ಕಮ್ಮಿ. ಅಲ್ಲಿ ಬಂಡೆಗಳ ಮೇಲೆ ನೂರಾರು ಬರಹಗಳಿವೆ. ಬರೇ ರಾಜರ ಶಾಸನ ಅಂದುಕೊಳ್ಳಬೇಡಿ, ಬೆಟ್ಟಕ್ಕೆ ಬಂದ ಯಾತ್ರಿಕರು ತಮ್ಮ ಪಾಡಿಗೆ ಕೆತ್ತಿಟ್ಟು ಹೋದ ಹೆಸರುಗಳೂ ಇವೆ. ಅದರಲ್ಲೊಂದು 'ಕವಿರತ್ನ' ಅನ್ನೋದು. ಹತ್ತನೇ ಶತಮಾನದ ನಮ್ಮ ರನ್ನನದೇ ಅದು ಅಂತ ವಿದ್ವಾಂಸರು ಹೇಳುತ್ತಾರೆ. ಅಂದರೆ ಕನ್ನಡದ ಮಹಾಕವಿಯೊಬ್ಬ ಬೆಟ್ಟಕ್ಕೆ ಹೋದಾಗ ಬಂಡೆ ಮೇಲೆ ಹೆಸರು ಗೀಚಿ ಬಂದಿದ್ದಾನೆ! ಈಗ ಯಾರಾದರೂ ಅದೇ ಬಂಡೆ ಮೇಲೆ 'ಮಂಜು ಲವ್ಸ್ ಪುಟ್ಟಿ' ಅಂತ ಕೆತ್ತಿದರೆ, 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಮಂಜುಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ರನ್ನ ಯಾರ ಪರ್ಮಿಷನ್ ತಗೊಂಡಿದ್ದ?

ಅದನ್ನೇಕೆ, ದಿನಾ ಬೆಳಿಗ್ಗೆ ನಮ್ಮಮ್ಮ ಬಾಗಿಲ ಮುಂದೆ ಹಾಕೋ ರಂಗೋಲಿ? ಅರ್ಧ ನಮ್ಮ ಜಾಗ, ಅರ್ಧ ನಗರಸಭೆ ರಸ್ತೆ. ಹತ್ತು ಗಂಟೆಯೊಳಗೆ ಹಾಲಿನವನ ಟಿವಿಎಸ್ಸು, ಸ್ಕೂಲ್ ವ್ಯಾನು ಎಲ್ಲ ಸೇರಿ ಅಳಿಸಿ ಹಾಕಿರುತ್ತವೆ. ಅಮ್ಮನಿಗೆ ಬೇಜಾರೇ ಇಲ್ಲ. ನಾಳೆ ಇನ್ನೊಂದು. ಸಾಗರದ ಕಡೆ ದೀವರ ಹೆಂಗಸರು ಮಣ್ಣಿನ ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಈಗ ಫ್ರೇಮ್ ಹಾಕಿ ಮಾರುತ್ತಾರೆ. ಹುಟ್ಟಿದ್ದು ಮಾತ್ರ ಗೋಡೆ ಮೇಲೆ, ಹೆಸರು ಹಾಕದ ಕೈಗಳಿಂದ. ಬೀದಿ, ಗೋಡೆ, ಅಂಗಳ ಇವುಗಳ ಮೇಲೆ ಬರೆಯೋದು ನಮಗೆ ನ್ಯೂಯಾರ್ಕಿನಿಂದ ಬಂದ ಫ್ಯಾಷನ್ ಏನಲ್ಲ.

ಕಾನೂನು ಏನನ್ನುತ್ತದೆ ಅಂತಲೂ ನೋಡಿದೆ. ನಮ್ಮ ರಾಜ್ಯದಲ್ಲಿ 1981ರ ಒಂದು ಕಾಯ್ದೆ ಇದೆ, ತೆರೆದ ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯೋದಕ್ಕೆ. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಏನಾದರೂ ಅಂಟಿಸಿದರೆ, ಬರೆದರೆ ಆರು ತಿಂಗಳವರೆಗೆ ಜೈಲು ಅಥವಾ ಒಂದು ಸಾವಿರದವರೆಗೆ ದಂಡ, ಇಲ್ಲಾ ಎರಡೂ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ 'ಪೇಸಿಎಂ' ಪೋಸ್ಟರುಗಳು ಕಾಣಿಸಿಕೊಂಡವಲ್ಲ, ಆ ಕೇಸು ಬಿದ್ದದ್ದೂ ಇದೇ ಕಾಯ್ದೆಯಡಿ. ಮಜಾ ಏನಂದರೆ, ಈ ಕಾಯ್ದೆಗೆ ಕಲೆ ಅನ್ನೋ ವಸ್ತುವೇ ಗೊತ್ತಿಲ್ಲ. ಅಕ್ಷರವಿರಲಿ, ಗುರುತಿರಲಿ, ಚಿತ್ರವಿರಲಿ, ಎಲ್ಲ ಅದರ ಲೆಕ್ಕದಲ್ಲಿ 'ಜಾಹೀರಾತು'. ಅದರ ಮೇಲೆ ನನಗೆ ಸಿಟ್ಟಿಲ್ಲ, ಕಾಯ್ದೆ ಮಾಡಿದ್ದು ಗೋಡೆ ಉಳಿಸೋದಕ್ಕೆ. ನಮ್ಮ ಗೆಳೆಯ ಎಡವಿದ್ದು ಇಲ್ಲೇ. ಕಾನೂನು ಕೇಳುವ ಪ್ರಶ್ನೆಯನ್ನೇ ತಂದು ಕಲೆಗೂ ಕೇಳಿಬಿಟ್ಟ. ಅನುಮತಿ ಇತ್ತಾ ಅನ್ನೋದು ಪೊಲೀಸರ ಪ್ರಶ್ನೆ. ಇದು ಕಲೆಯಾ ಅನ್ನೋದಕ್ಕೆ ಬೇರೆಯೇ ಪ್ರಶ್ನೆ ಬೇಕು.

ಆ ಪ್ರಶ್ನೆ ಯಾವುದು ಅಂತ ನನಗೆ ತೋರಿಸಿಕೊಟ್ಟಿದ್ದು ಒಂದು ಮೊಸಳೆ.

2015ರ ಜೂನ್. ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ನೀರಿನ ಪೈಪ್ ಒಡೆದು ದೊಡ್ಡದೊಂದು ಗುಂಡಿ ಆಗಿತ್ತು. ಯಾರೂ ಮುಚ್ಚಿರಲಿಲ್ಲ. ಒಂದು ದಿನ ಬೆಳಗಾಗುವಷ್ಟರಲ್ಲಿ ಆ ಗುಂಡಿಯ ನೀರು ಹಸಿರಾಗಿತ್ತು, ಅದರೊಳಗೆ ಆಳೆತ್ತರಕ್ಕಿಂತ ಉದ್ದದ ಮೊಸಳೆ ಬಾಯಿ ತೆರೆದು ಮಲಗಿತ್ತು! ಮಾಡಿದ್ದು ಮೈಸೂರಿನ ಬಾದಲ್ ನಂಜುಂಡಸ್ವಾಮಿ, ಮೈಸೂರಿನ ಕಾವಾದಲ್ಲಿ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಕಲಿತವರು. ಸುಮಾರು ಇಪ್ಪತ್ತು ಕೆಜಿ ತೂಕದ ಆ ಮೊಸಳೆಗೆ ಆರು ಸಾವಿರ ರೂಪಾಯಿಯಷ್ಟು ಸ್ವಂತ ದುಡ್ಡು ಹಾಕಿದ್ದರಂತೆ. ಫೋಟೋ ಎಲ್ಲ ಕಡೆ ಹರಿದಾಡಿತು. ಅಲ್ಲಿವರೆಗೆ ಯಾರಿಗೂ ಕಾಣದಿದ್ದ ಗುಂಡಿ ಆಮೇಲೆ ಬೇಗನೆ ಮುಚ್ಚಿಹೋಯಿತು.

ಅವರ ಇನ್ನೊಂದನ್ನ ನೀವೆಲ್ಲ ನೋಡೇ ನೋಡಿರುತ್ತೀರಿ. 2019ರ ಸೆಪ್ಟೆಂಬರ್ ಶುರುವಿನಲ್ಲಿ, ಚಂದ್ರಯಾನ-2 ಇನ್ನೇನು ಚಂದ್ರನ ಮೇಲೆ ಇಳಿಯುತ್ತದೆ ಅಂತ ದೇಶವೆಲ್ಲ ಕಾಯುತ್ತಿದ್ದಾಗ, ಒಬ್ಬ ಗಗನಯಾತ್ರಿ ಚಂದ್ರನ ಕುಳಿಗಳ ನಡುವೆ ತೇಲುತ್ತಾ ನಡೆಯುವ ವಿಡಿಯೋ. ನೋಡ್ತಾ ನೋಡ್ತಾ ಪಕ್ಕದಲ್ಲೇ ಆಟೋ ಒಂದು ಹಾದುಹೋಗುತ್ತದೆ! ಅದು ಹೇರೋಹಳ್ಳಿ ಕಡೆಯ ತುಂಗಾನಗರ ಮುಖ್ಯರಸ್ತೆ. ಗಗನಯಾತ್ರಿ ನಮ್ಮ ನಟ ಪೂರ್ಣಚಂದ್ರ ಮೈಸೂರು. ಆಗಿನ ಬಿಬಿಎಂಪಿಯವರು ಕೂಡಲೇ ಗುಂಡಿ ಮುಚ್ಚೋದಕ್ಕೆ ಬಂದರು. ಅದಕ್ಕೂ ಮುಂಚೆ, 2017ರಲ್ಲಿ, ರಸ್ತೆ ಗುಂಡಿಯ ನೀರಿನಲ್ಲಿ ನಟಿ ಸೋನು ಗೌಡ ಮತ್ಸ್ಯಕನ್ಯೆಯಾಗಿ ಕೂತಿದ್ದರು.

ಈಗ ಆ ಮೊಸಳೆಯನ್ನೇ ಎತ್ತಿಕೊಂಡು ಹೋಗಿ ಚಿತ್ರಕಲಾ ಪರಿಷತ್ತಿನ ಗ್ಯಾಲರಿಯಲ್ಲಿ ಇಡಿ. ಕೆಳಗೆ ಚೀಟಿ ಅಂಟಿಸಿ. ಏನುಳಿಯಿತು? ಒಂದು ದೊಡ್ಡ ಆಟಿಕೆ. ಅದರ ಅರ್ಧ ಕಲೆ ಆ ಗುಂಡಿಯಲ್ಲಿತ್ತು, ಆ ಪೈಪಿನ ನೀರಿನಲ್ಲಿತ್ತು, ಅಲ್ಲಿ ದಿನಾ ಸ್ಕೂಟರ್ ಓಡಿಸಿ ಬೆನ್ನುಮೂಳೆ ಸವೆಸಿಕೊಂಡವರ ನಗುವಿನಲ್ಲಿತ್ತು. ನನ್ನ ಮಟ್ಟಿಗೆ ಬೀದಿಯ ಕಲೆಗೆ ಕೇಳಬೇಕಾದ ಪ್ರಶ್ನೆ ಇದು: ಈ ಜಾಗದಿಂದ ಎತ್ತಿ ಬೇರೆ ಕಡೆ ಇಟ್ಟರೆ ಇದು ಸಾಯುತ್ತದಾ? ಸಾಯುತ್ತದೆ ಅಂದರೆ ಅದು ಅಪ್ಪಟ ಬೀದಿಯ ಕಲೆ. ಅದಕ್ಕೇ ಲಂಡನ್ನಿನ ವುಡ್ ಗ್ರೀನ್‌ನಲ್ಲಿ ಬ್ಯಾಂಕ್ಸಿ ಬರೆದಿದ್ದ ಚಿತ್ರವನ್ನು 2013ರಲ್ಲಿ ಗೋಡೆಸಮೇತ ಕೊಯ್ದು ಹರಾಜಿಗೆ ಒಯ್ದಾಗ ಆ ಬಡಾವಣೆಯ ಜನ ಗಲಾಟೆ ಮಾಡಿದ್ದು. ಹೊಲಿಗೆ ಮಿಷನ್ ಮುಂದೆ ಮಂಡಿಯೂರಿ ಬ್ರಿಟಿಷ್ ಬಾವುಟ ಹೊಲಿಯುವ ಹುಡುಗನ ಚಿತ್ರ ಅದು. ಬರೆದಿದ್ದು ಅಗ್ಗದ ಸಾಮಾನಿನ ಒಂದು ಅಂಗಡಿಯ ಪಕ್ಕದ ಗೋಡೆ ಮೇಲೆ. ದುಡ್ಡಿದ್ದವರ ಹಜಾರದಲ್ಲಿ ಆ ಹುಡುಗ ಏನು ಹೇಳಿಯಾನು?

ಇಲ್ಲಿಗೆ ನಿಲ್ಲಿಸಿದ್ದರೆ ಲೇಖನ ಚೆನ್ನಾಗಿ ಮುಗಿಯುತ್ತಿತ್ತು. ಆದರೆ ನಮ್ಮ ಮಾವ ಬಿಡಬೇಕಲ್ಲ.

ನಮ್ಮ ಸೋದರಮಾವ ಪೇಂಟರ್. ಹೊಸಕೋಟೆ ಹಳೇ ಪೇಟೆ ಬೀದಿಯಿಂದ ಹಿಡಿದು ಕೋಲಾರದ ರಸ್ತೆವರೆಗೆ, ಒಂದು ಕಾಲದಲ್ಲಿ ಅರ್ಧದಷ್ಟು ಬೋರ್ಡು ಅವರ ಕೈಯಲ್ಲೇ ಬರೆದದ್ದು. ಫ್ಲೋರ್ ಮಿಲ್ಲು, ಸೈಕಲ್ ಶಾಪು, ರಸಗೊಬ್ಬರದ ಅಂಗಡಿ, ಲಾರಿ ಹಿಂದಿನ 'ಹಾರನ್ ಮಾಡಿ'. ಮಿಲಿಟರಿ ಹೋಟೆಲಿನ ಕೋಳಿಗೆ ಅವರು ಬರೆದಷ್ಟು ಠೀವಿಯ ಜುಟ್ಟು ಬೇರೆ ಯಾರೂ ಬರೆದಿಲ್ಲ ಅಂತ ನಮ್ಮ ಮನೆಯಲ್ಲಿ ಈಗಲೂ ಮಾತಿದೆ. ನಾನು ರಜೆಯಲ್ಲಿ ಅವರ ಜೊತೆ ಹೋಗುತ್ತಿದ್ದೆ. ನನ್ನ ಕೆಲಸ ದಾರ ಹಿಡಿಯೋದು. ಸುಣ್ಣದ ಪುಡಿ ಹಚ್ಚಿದ ದಾರವನ್ನ ಆ ತುದಿಯಲ್ಲಿ ನಾನು ಹಿಡಿದರೆ ಈ ತುದಿಯಲ್ಲಿ ಅವರು ಎಳೆದು, ನಡುವೆ ಟಪ್ ಅಂತ ಮೀಟುತ್ತಿದ್ದರು. ಗೋಡೆ ಮೇಲೆ ನೇರವಾದ ಬಿಳಿ ಗೆರೆ. ಆ ಟಪ್ ಶಬ್ದಕ್ಕೋಸ್ಕರವೇ ನಾನು ಹೋಗುತ್ತಿದ್ದದ್ದು ಅಂದರೂ ತಪ್ಪಿಲ್ಲ.

ಕನ್ನಡದ ಬೋರ್ಡು ಬರೆಯೋದು ಇಂಗ್ಲಿಷಿನಷ್ಟು ಸುಲಭ ಅಲ್ಲ ಅನ್ನುತ್ತಿದ್ದರು ಮಾವ. ಇಂಗ್ಲಿಷ್ ದೊಡ್ಡಕ್ಷರ ಎರಡು ಗೆರೆ ನಡುವೆ ಸುಮ್ಮನೆ ಕೂರುತ್ತದೆ. ಕನ್ನಡ ಹಾಗಲ್ಲ, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು. "ಶ್ರೀ ಲಕ್ಷ್ಮೀ ವೆಂಕಟೇಶ್ವರ ಫ್ಲೋರ್ ಮಿಲ್" ಅಂತ ಒಂದೇ ಸಾಲಿನಲ್ಲಿ ಬರೆದು ನೋಡಿ ಗೊತ್ತಾಗುತ್ತದೆ. 'ಕ್ಷ್ಮೀ'ಗೆ ಕೆಳಗೆ ಜಾಗ ಬಿಟ್ಟರೆ 'ಮಿಲ್' ಮೇಲೆ ತೇಲಿದ ಹಾಗೆ ಕಾಣುತ್ತದೆ. ಮಾವ ಮೊದಲು ಒತ್ತಕ್ಷರ ಎಷ್ಟಿದೆ ಅಂತ ಎಣಿಸಿ, ಆಮೇಲೆ ಗೆರೆ ಹಾಕುತ್ತಿದ್ದರು. ಮುಂದೆ ಫ್ಲೆಕ್ಸ್ ಬಂತು. ಕೆಲವು ಫ್ಲೆಕ್ಸ್ ಅಂಗಡಿಯಲ್ಲಿ ಯೂನಿಕೋಡ್ ಅಕ್ಷರವನ್ನ ಹಳೇ ಫೋಟೋಶಾಪಿಗೆ ಅಂಟಿಸಿ, ಒತ್ತಕ್ಷರ ಎಲ್ಲ ಬಿಡಿಬಿಡಿಯಾಗಿ ಉದುರಿದ್ದನ್ನ ಹಾಗೇ ಪ್ರಿಂಟ್ ಹೊಡೆದು ಕಟ್ಟುತ್ತಿದ್ದರು. ಹುಟ್ಟುಹಬ್ಬದ ಶುಭಾಶಯ ಕೋರುವ ಬ್ಯಾನರಿನಲ್ಲಿ 'ಹಬ್‌ಬ' ಅಂತ ನೋಡಿ ಮಾವ ಬೀದಿಯಲ್ಲೇ ನಿಂತು ನಕ್ಕಿದ್ದರು. ನಕ್ಕರು, ಆದರೆ ಆ ವರ್ಷ ಅವರಿಗೆ ಬೋರ್ಡಿನ ಕೆಲಸ ಬಂದಿದ್ದು ಮೂರೋ ನಾಲ್ಕೋ.

ಅಂಥ ಹೊತ್ತಿನಲ್ಲೇ 2009 ಬಂತು. ಬೆಂಗಳೂರಿನ ದೊಡ್ಡ ರಸ್ತೆಗಳ ಕಾಂಪೌಂಡು ಗೋಡೆಗಳ ಮೇಲೆ ಪೋಸ್ಟರ್ ಅಂಟಿಸೋದು, ಮೂತ್ರ ಮಾಡೋದು ನಿಲ್ಲಲಿ ಅಂತ ಬಿಬಿಎಂಪಿ ಚಿತ್ರ ಬರೆಸಿತ್ತಲ್ಲ, ನೆನಪಿದೆಯಾ? ಹಂಪಿ ಕಲ್ಲಿನ ರಥ, ಜೋಗ, ಹುಲಿ, ಆನೆ, ಯಕ್ಷಗಾನ... ಬರೆದವರು ಬಹುಪಾಲು ಸಿನಿಮಾ ಬ್ಯಾನರ್, ಹೋರ್ಡಿಂಗ್ ಬರೆಯುತ್ತಿದ್ದವರು, ಫ್ಲೆಕ್ಸ್ ಬಂದು ಕೆಲಸ ಕಳಕೊಂಡವರು. ನಮ್ಮ ಮಾವನೂ ಒಬ್ಬ ಪರಿಚಯದ ಬ್ಯಾನರ್ ಪೇಂಟರ್ ಜೊತೆ ಹೋಗಿ ಕೆಲವು ವಾರ ಕೆಲಸ ಮಾಡಿ ಬಂದರು. ಪೇಪರಿನಲ್ಲಿ ಇದರ ಬಗ್ಗೆ ಪರ ವಿರೋಧ ಎಲ್ಲ ಬಂತು. ಕ್ಯಾಲೆಂಡರ್ ಚಿತ್ರ, ಇದರಲ್ಲಿ ಕಲೆ ಎಲ್ಲಿದೆ ಅಂತ ಮೂಗು ಮುರಿದವರಿದ್ದರು.

ನನ್ನ ಮೊಸಳೆ ಸಿದ್ಧಾಂತದ ಪ್ರಕಾರ ನಾನೂ ಆ ಗುಂಪಿಗೇ ಸೇರಬೇಕು! ಹಂಪಿ ರಥವನ್ನ ಬೆಂಗಳೂರಿನ ಈ ಗೋಡೆಯಿಂದ ಆ ಗೋಡೆಗೆ ಸಾಗಿಸಿದರೆ ಏನೂ ಸಾಯೋದಿಲ್ಲ. ಕೆಲಸದ ಮಟ್ಟಿಗೆ ಅದು ಮೂಲೆಗಳಲ್ಲಿ ಅಂಟಿಸೋ ದೇವರ ಟೈಲ್ಸಿನ ಅಣ್ಣ ಅಷ್ಟೇ. ಮಾವನಿಗೆ ಒಂದು ಭಾನುವಾರ ಇದನ್ನೆಲ್ಲ ವಿವರಿಸಿದೆ. ಅವರು ಎಲೆ ಅಡಿಕೆ ಹಾಕಿಕೊಂಡು ಪೂರ್ತಿ ಕೇಳಿಸಿಕೊಂಡರು.

"ಮೊಸ್ಳೆ ಚೆನ್ನಾಗೈತೆ ಅಳಿಮಯ್ಯ. ಆದ್ರೆ ನಾನು ಆ ರಥ ಬರೀವಾಗ ಎಷ್ಟ್ ಕುಸಿಯಾಗಿದ್ದೆ ಗೊತ್ತಾ?"

"ಯಾಕೆ ಮಾವ?"

"ಇಪ್ಪತ್ತೈದು ವರ್ಸದಾಗೆ ಮೊದಲ್ನೇ ಸಲ, ಕೆಳ್ಗಡೆ ಫೋನ್ ನಂಬರ್ ಬರಿ ಅಂತ ಯಾರೂ ಹೇಳ್ಲಿಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆ ರಥ ಸಾಧಾರಣ ಚಿತ್ರ ಅನ್ನೋ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಅದನ್ನ ಮಾವನ ಮುಂದೆ ಹೇಳೋದು ಬಿಟ್ಟಿದ್ದೇನೆ. "ನೀವೂ ಕಲಾವಿದರೇ ಅಲ್ವಾ ಮಾವ" ಅಂದರೆ "ಥೂ, ಕಲಾವಿದ ಅಲ್ಲಪ್ಪ, ಪೇಂಟರ್ರು" ಅನ್ನುತ್ತಾರೆ. ಅದರಲ್ಲಿ ವಿನಯ ಎಷ್ಟು, ಅನುಭವ ಎಷ್ಟು ಅಂತ ನನಗೆ ಗೊತ್ತಾಗೋದಿಲ್ಲ.

ಈಗ ಶಾಲೆ ಗೋಡೆಗೆ ಬರುತ್ತೇನೆ.

ನಮ್ಮೂರ ಹತ್ತಿರದ ಆ ಪ್ರಾಥಮಿಕ ಶಾಲೆಯ ಹೊರಗೋಡೆಗಳನ್ನ ಮಾವ ಸುಮಾರು 2003ರಲ್ಲಿ ಬರೆದದ್ದು. ಒಂದು ಗೋಡೆ ಪೂರ್ತಿ ವರ್ಣಮಾಲೆ. ಅ ಅಂದರೆ ಅಳಿಲು, ಅದು ಶಾಲೆಯ ಹುಣಸೆಮರದ ಅಳಿಲೇ. ಇನ್ನೊಂದು ಗೋಡೆ ಕರ್ನಾಟಕದ ಮ್ಯಾಪು. ಆಗ ಇದ್ದದ್ದು 27 ಜಿಲ್ಲೆ. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಗಳಾದವು. ಮೇಷ್ಟ್ರು ಹೇಳಿಕಳಿಸಿದರು, ಮಾವ ಹೋಗಿ ಗೆರೆ ಎಳೆದು ಬಣ್ಣ ಬದಲಿಸಿ ಬಂದರು. ಆಮೇಲೆ ಯಾದಗಿರಿ. 2021ರಲ್ಲಿ ವಿಜಯನಗರ ಆದಾಗ ಮಂಡಿನೋವು ಇಟ್ಟುಕೊಂಡೇ ಏಣಿ ಹತ್ತಿದ್ದರು, 31ನೇ ಜಿಲ್ಲೆಗೆ. ಹತ್ತಿರ ನಿಂತು ನೋಡಿದರೆ ಹಳೇ ಗಡಿಯ ಗೆರೆ ಹೊಸ ಬಣ್ಣದ ಕೆಳಗೆ ಉಬ್ಬಿಕೊಂಡು ಕಾಣುತ್ತದೆ. ಇನ್ನೊಂದು ವಿಷಯ. ಬೆಂಗಳೂರಿನ ಪಕ್ಕ 'ಹೊಸಕೋಟೆ' ಅಂತ ಒಂದು ಕೆಂಪು ಚುಕ್ಕೆ ಇದೆ. ಮಕ್ಕಳು ಬೆರಳಿಟ್ಟು ಬೆರಳಿಟ್ಟು ಆ ಚುಕ್ಕೆಯ ಸುತ್ತ ಬಣ್ಣ ಸವೆದು ಸಿಮೆಂಟು ಕಾಣುತ್ತದೆ. "ಮಿಸ್, ನಮ್ಮೂರು ಇಲ್ಲೈತೆ!" ಇಪ್ಪತ್ತು ವರ್ಷದ ಬೆರಳುಗಳು ಅವು.

ಕಳೆದ ಶನಿವಾರಗಳಲ್ಲೊಂದು ದಿನ ನಮ್ಮ ತಂಗಿ ಮೊಬೈಲಿಗೆ ಒಂದು ಫೋಟೋ ಕಳಿಸಿದಳು. ಬೆಂಗಳೂರಿನ ಯಾವುದೋ ಕಂಪನಿಯ ಸ್ವಯಂಸೇವಕರು ಬಸ್ಸಿನಲ್ಲಿ ಬಂದಿಳಿದಿದ್ದಾರೆ, ಒಂದೇ ಬಣ್ಣದ ಟೀ ಶರ್ಟು, ರೋಲರು, ಬಕೆಟ್ಟು. ಶಾಲೆಗೆ 'ಸ್ಟ್ರೀಟ್ ಆರ್ಟ್' ಮಾಡಿಕೊಡುತ್ತಾರಂತೆ. ಇಲಾಖೆಯ ಪತ್ರವೂ ಇದೆ. ನಾನು ಬೈಕ್ ಹತ್ತಿ ಹೋಗುವಷ್ಟರಲ್ಲಿ ವರ್ಣಮಾಲೆ ಹೋಗಿತ್ತು. ಅಳಿಲಿನ ಬಾಲದ ತುದಿ ಮಾತ್ರ ಬಿಳಿ ಬಣ್ಣದ ಕೆಳಗಿಂದ ಮಸುಕಾಗಿ ಕಾಣುತ್ತಿತ್ತು.

ಕೆಟ್ಟವರೇನಲ್ಲ ಅವರು. ನನ್ನಂಥವರೇ, ವಾರವೆಲ್ಲ ಜಿರಾ ಟಿಕೆಟ್ ಮುಚ್ಚಿ ಭಾನುವಾರಕ್ಕೆ ಏನಾದರೂ ಒಳ್ಳೇದು ಮಾಡೋಣ ಅಂದುಕೊಂಡವರು. ಅವರ ಲೀಡರ್ ಹುಡುಗ ಐಪ್ಯಾಡಿನಲ್ಲಿ ಡಿಸೈನ್ ತೋರಿಸಿದ. ದೊಡ್ಡ ಎರಡು ರೆಕ್ಕೆ, ನಡುವೆ ಖಾಲಿ ಜಾಗ, ಮಕ್ಕಳು ನಿಂತು ಫೋಟೋ ತೆಗೆಸಿಕೊಳ್ಳಬಹುದು. ಮೇಲೆ ಇಂಗ್ಲಿಷಿನಲ್ಲಿ 'ಕನಸು ಕಾಣು' ಅನ್ನೋ ಅರ್ಥದ ಸಾಲು. ಇಂಥ ರೆಕ್ಕೆ ಬೆಂಗಳೂರಿನ ಕೆಫೆಗಳಲ್ಲಿ ಎಷ್ಟಿಲ್ಲ? ಎತ್ತಿ ಎಲ್ಲಿಟ್ಟರೂ ಸಾಯದ ರೆಕ್ಕೆ. ನಾನು ಸಮಾಧಾನವಾಗಿಯೇ ಹೇಳಿದೆ. ಈ ಗೋಡೆಗಳ ಮೇಲೆ ಇರೋದೂ ಕಲೆಯೇ, ಇಪ್ಪತ್ತು ವರ್ಷದ್ದು, ಅದರ ಮೇಲೆ ಬಳಿಯಬೇಡಿ ಅಂತ. ಆತ ನಿಜವಾಗಿಯೂ ಆಶ್ಚರ್ಯದಿಂದ ಕೇಳಿದ: "ಓಹ್, ಯಾರ ಆರ್ಟ್ ವರ್ಕ್ ಇದು? ಆರ್ಟಿಸ್ಟ್ ಹೆಸರು ಎಲ್ಲಿದೆ?"

ಹೆಸರು ಎಲ್ಲಿತ್ತು? ಪೇಂಟರುಗಳು ಅಂಗಡಿ ಬೋರ್ಡಿನ ಮೂಲೆಯಲ್ಲಿ ಇರುವೆ ಗಾತ್ರದಲ್ಲಿ 'ಆರ್ಟ್ಸ್' ಅಂತ ಹಾಕಿಕೊಳ್ಳುತ್ತಾರೆ. ಶಾಲೆ ಗೋಡೆಗೆ, ಅದೂ ಮಕ್ಕಳದ್ದಲ್ವಾ ಅಂತ, ಮಾವ ಅದನ್ನೂ ಹಾಕಿರಲಿಲ್ಲ. ಅವರ ಕೈಯಲ್ಲಿ ಪತ್ರ ಇತ್ತು, ಈ ಗೋಡೆಯಲ್ಲಿ ಹೆಸರಿರಲಿಲ್ಲ. ನಮ್ಮ ಆಫೀಸು ಗೆಳೆಯನ ಇಫ್-ಎಲ್ಸ್ ಪ್ರಕಾರ ರೆಕ್ಕೆ ಕಲೆ, ಅಳಿಲು ಸುಣ್ಣ ಬಳಿಯಬೇಕಾದ ಗೋಡೆ.

ನನ್ನ ವಾದ ಎಲ್ಲಿಗೂ ಮುಟ್ಟಲಿಲ್ಲ. ಮ್ಯಾಪ್ ಉಳಿಸಿದ್ದು ಬಿಸಿಯೂಟದ ಅಡುಗೆಯಮ್ಮ. ಪಾತ್ರೆ ಎತ್ತಿಡಲು ಬಂದಿದ್ದವರು ಸೆರಗಿಗೆ ಕೈ ಒರೆಸಿಕೊಂಡು ಬಂದು ಮ್ಯಾಪಿನ ಮುಂದೆ ನಿಂತರು. "ಸಾರ್, ಇದ್ನ ಅಳಿಸ್ಬೇಡಿ. ಸೋಮ್ವಾರ ಮಕ್ಳು ಬಂದು ಊರೆಲ್ಲೋಯ್ತು ಅಂದ್ರೆ ನಾನೇನ್ ಹೇಳ್ಲಿ?" ಆ ಹುಡುಗ ಒಂದು ನಿಮಿಷ ಮ್ಯಾಪ್ ನೋಡಿದ. ಸವೆದ ಚುಕ್ಕೆಯನ್ನೂ ನೋಡಿದ ಅಂತ ಕಾಣುತ್ತದೆ. ರೋಲರ್ ಕೆಳಗಿಟ್ಟು, ಸರಿ ಅಮ್ಮ, ಇದು ಹೀಗೇ ಇರಲಿ ಅಂದ. ರೆಕ್ಕೆ ವರ್ಣಮಾಲೆಯ ಗೋಡೆಗೆ ಬಂತು.

ಸಂಜೆ ಮಾವನಿಗೆ ಹೇಗೆ ಹೇಳೋದು ಅಂತ ಒದ್ದಾಡಿಕೊಂಡು ಹೋದೆ. ಎಲ್ಲ ಕೇಳಿ ಅವರು ಕೇಳಿದ್ದು ಒಂದೇ.

"ಪ್ರೈಮರ್ ಹಾಕಿದ್ರಾ?"

"ಇಲ್ಲ ಅನ್ಸತ್ತೆ ಮಾವ. ಸೀದಾ ಬಿಳಿ ಹೊಡೀತಿದ್ರು."

"ಹಳೇ ಎನಾಮಲ್ ಮ್ಯಾಲೆ ಸೀದಾ ಹೊಡುದ್ರೆ ನಿಲ್ಲಕಿಲ್ಲ. ಪಾಪ, ಹೇಳ್ಬೇಕಿತ್ತು ನೀನು. ಎರಡು ಮಳೆಗೆ ಎದ್ ಬತ್ತದೆ."

ಪಾಪ ಅಂದದ್ದು ಅವರಿಗೆ, ಗಮನಿಸಿ. ಅಳಿಲಿಗಲ್ಲ.

ರಾತ್ರಿ ನನಗೇ ನಿದ್ದೆ ಬರಲಿಲ್ಲ. ಗೂಗಲ್ ಮಾಡುತ್ತಾ ಕೂತೆ. ನಮ್ಮ ದೇಶದಲ್ಲಿ ಒಬ್ಬ ಕಲಾವಿದರು ಇಂಥದ್ದಕ್ಕೇ ಸರ್ಕಾರದ ಮೇಲೆ ಕೇಸು ಹಾಕಿ ಗೆದ್ದಿದ್ದಾರೆ. ಅಮರನಾಥ್ ಸೆಹಗಲ್ ಅಂತ. ದೆಹಲಿಯ ವಿಜ್ಞಾನ ಭವನದ ಗೋಡೆಗೆ ಅವರು ಮಾಡಿದ್ದ ದೊಡ್ಡ ಕಂಚಿನ ಮ್ಯೂರಲ್ಲನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದರು. 2005ರಲ್ಲಿ ದೆಹಲಿ ಹೈಕೋರ್ಟ್, ದುಡ್ಡು ಕೊಟ್ಟು ಮಾಡಿಸಿಕೊಂಡ ಮಾತ್ರಕ್ಕೆ ಕೃತಿಯನ್ನು ಹಾಳುಮಾಡುವ ಹಕ್ಕು ಬರೋದಿಲ್ಲ ಅಂತ ಹೇಳಿ, ಅದನ್ನು ಅವರಿಗೆ ವಾಪಸ್ ಕೊಡಿಸಿ, ಐದು ಲಕ್ಷ ಪರಿಹಾರ ಕೊಡಿಸಿತು. ಕಾಪಿರೈಟ್ ಕಾಯ್ದೆಯ 57ನೇ ಕಲಮು. ನ್ಯೂಯಾರ್ಕಿನಲ್ಲೂ ಫೈವ್ ಪಾಯಿಂಟ್ಸ್ ಅನ್ನೋ ಕಟ್ಟಡದ ಮೇಲಿನ ಗ್ರಾಫಿಟಿಗೆ 2013ರಲ್ಲಿ ಮಾಲೀಕ ರಾತ್ರೋರಾತ್ರಿ ಬಿಳಿ ಬಳಿಸಿದ್ದಕ್ಕೆ, 2018ರಲ್ಲಿ ಕೋರ್ಟು 21 ಕಲಾವಿದರಿಗೆ 67 ಲಕ್ಷ ಡಾಲರ್ ಕೊಡಿಸಿತ್ತು. ಅವು ಸ್ಪ್ರೇ ಕ್ಯಾನಿನ ಗೀಚುಗಳೇ! ಅಲ್ಲಿಗೆ ಗ್ರಾಫಿಟಿ ಕಲೆಯೇ ಅನ್ನೋ ಚರ್ಚೆ ಕೋರ್ಟಿನಲ್ಲೂ ಒಂದು ಮಟ್ಟಕ್ಕೆ ಮುಗಿದ ಹಾಗೆ.

ಆದರೆ ಈ ಎರಡೂ ಕಡೆ ಕೋರ್ಟಿಗೆ ಹೋಗುವವರಿಗೆ ಒಂದು ಹೆಸರಿತ್ತು. ಇದು ನಾನು ಮಾಡಿದ್ದು ಅಂತ ಹೇಳುವ ಬಾಯಿ ಇತ್ತು. 'ಸ್ಟ್ರೀಟ್ ಆರ್ಟ್' ಅನ್ನೋ ಹೊಸ ಗೌರವ ನಮ್ಮಲ್ಲಿ ಸ್ಪ್ರೇ ಕ್ಯಾನಿಗೆ ಸಿಕ್ಕಿದೆ, ಸಿಗಲಿ, ಸಂತೋಷ. ಬೆಂಗಳೂರಿನಲ್ಲಿ ಅರವಾಣಿ ಆರ್ಟ್ ಪ್ರಾಜೆಕ್ಟಿನ ಮಂಗಳಮುಖಿಯರು ಗೋಡೆಗಳ ಮೇಲೆ ತಮ್ಮವರ ಮುಖ ಬರೆಯುವುದನ್ನು ನೋಡಿದರೆ ಗೋಡೆಗೆ ಎಷ್ಟು ತಾಕತ್ತಿದೆ ಅಂತ ತಿಳಿಯುತ್ತದೆ. ಆ ಗೌರವದ ಒಂದು ಪಾಲು, ದಾರ ಮೀಟಿ ಗೆರೆ ಹಾಕಿ ಒತ್ತಕ್ಷರ ಎಣಿಸಿ ಬರೆಯುವ ಕೈಗೂ ಬರಬೇಕಲ್ಲವೇ ಅನ್ನೋದಷ್ಟೇ ನನ್ನ ತಕರಾರು. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿ ಬೆಂಗಳೂರಿನ ಫ್ಲೆಕ್ಸುಗಳೆಲ್ಲ ಇಳಿದಾಗ, ಇನ್ನು ಪೇಂಟರುಗಳಿಗೆ ಕಾಲ ಬಂತು ಅಂತ ನಾನೂ ಅಂದುಕೊಂಡಿದ್ದೆ. ಹೊಸಕೋಟೆಯಲ್ಲಿ ಅಂಥದ್ದೇನೂ ಕಾಣಲಿಲ್ಲ.

ಈಗೊಂದು ಕೆಲಸ ಶುರು ಮಾಡಿದ್ದೇನೆ. ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ತಾಲ್ಲೂಕು ಸುತ್ತಿ, ಕೈಯಲ್ಲಿ ಬರೆದ ಬೋರ್ಡು, ಶಟರು, ಗೋಡೆ ಕಂಡಲ್ಲೆಲ್ಲ ಫೋಟೋ ತೆಗೆಯೋದು. ನಂದಗುಡಿ ರಸ್ತೆಯಲ್ಲಿ ಹನ್ನೊಂದು ಸಿಕ್ಕವು, ಜಡಿಗೇನಹಳ್ಳಿ ಕಡೆ ಆರು. ಸಂಜೆ ಮಾವನಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸುತ್ತೇನೆ. ಒಂದಕ್ಕೂ ಸಹಿ ಇರೋದಿಲ್ಲ, ಅವರಿಗೆ ಬೇಕಾಗಿಯೂ ಇಲ್ಲ. ಕನ್ನಡಕ ಮೇಲೆತ್ತಿ ಪರದೆಗೆ ಮೂಗು ಮುಟ್ಟಿಸಿ, "ಇದು ಮಾಲೂರಿನವನ ಕೈ, 'ಳ' ಬಾಲ ನೋಡು, ಹಿಂಗ್ ಸುತ್ತಿ ಬಿಡೋನು ಅವ್ನೊಬ್ಬನೇ" ಅನ್ನುತ್ತಾರೆ. ಇನ್ನೊಂದಕ್ಕೆ, "ಇದು ನಂದೇ ಕಣಯ್ಯ, ಮದುವೆಗೆ ಮುಂಚೆ ಬರ್ದಿದ್ದು. ಥೂ, ಗ್ಯಾಪ್ ಸರಿಯಾಗಿ ಬಿಟ್ಟಿಲ್ಲ." ಪ್ರತಿ ಫೋಟೋದ ಫೈಲ್ ಹೆಸರಿನಲ್ಲಿ ಊರು, ಅಂಗಡಿ, ಮತ್ತೆ ಮಾವ ಹೇಳಿದ ಪೇಂಟರ್ ಹೆಸರು ಸೇರಿಸುತ್ತಿದ್ದೇನೆ. ಇಲ್ಲಿಯವರೆಗೆ ನಲವತ್ತಮೂರು ಫೋಟೋ, ಒಂಬತ್ತು ಕೈ.

ನಿಮ್ಮೂರಿನಲ್ಲೂ ಇಂಥವು ಇದ್ದರೆ, ಫ್ಲೆಕ್ಸ್ ಬೀಳೋದರೊಳಗೆ ಒಂದು ಫೋಟೋ ತೆಗೆದಿಡಿ. ಬರೆದವರು ಯಾರು ಅಂತ ಅಂಗಡಿಯವರನ್ನ ಕೇಳಿ, ಅವರಿಗೆ ಸಾಮಾನ್ಯವಾಗಿ ನೆನಪಿರುತ್ತದೆ. ಬರೋ ಭಾನುವಾರ ಸೂಲಿಬೆಲೆ ಕಡೆ ಹೋಗೋದು ಅಂತ ಇದೆ. ಮಂಡಿ ಕೇಳಿದರೆ ಮಾವನೂ ಬರುತ್ತಾರಂತೆ. ಶಾಲೆ ಮುಂದೆ ಒಂದ್ ಸಲ ನಿಲ್ಸು, ಆ ರೆಕ್ಕೆ ಹೆಂಗ್ ಬರ್ದವ್ರೆ ನೋಡಾನ ಅಂದಿದ್ದಾರೆ.